ಬೋಟ್ ಸೀಟಿನ ಕಪ್ಪು ಕಲೆಗೆ ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್: ಈ ಫಾರ್ವರ್ಡ್ ಪಾಲಿಸುವ ಮುನ್ನ ಓದಿ

"ರೆಕ್ಸಿನ್ ಸೀಟಿನ ಕಪ್ಪು ಕಲೆ ಎರಡೇ ನಿಮಿಷದಲ್ಲಿ ಮಾಯ! ಬ್ಲೀಚಿಂಗ್ ಪೌಡರ್‌ಗೆ ಸ್ವಲ್ಪ ಟಾಯ್ಲೆಟ್ ಕ್ಲೀನರ್ ಹಾಕಿ, ನೊರೆ ಬಂದ ಮೇಲೆ ಸೀಟಿಗೆ ಹಚ್ಚಿ ಒರೆಸಿ. ಬೋಟ್, ಬೈಕ್, ಆಟೋ ಇರುವವರಿಗೆಲ್ಲ ಕಳಿಸಿ."

ಇಂಥದ್ದೊಂದು ಸಂದೇಶವನ್ನು ನಮ್ಮ ಓದುಗರೊಬ್ಬರು ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರ ಮನೆಯವರು ಕರಾವಳಿಯಲ್ಲಿ ಪ್ರವಾಸಿಗರಿಗಾಗಿ ಒಂದು ಸಣ್ಣ ಬೋಟ್ ನಡೆಸುತ್ತಾರಂತೆ. ಮಳೆಗಾಲ ಮುಗಿದು ಟಾರ್ಪಾಲು ತೆಗೆದಾಗ ಬಿಳಿ ಸೀಟುಗಳ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಸೀಸನ್ ಶುರುವಾಗುವ ಹೊತ್ತಿಗೆ ಸೀಟು ಬೆಳ್ಳಗಾಗಬೇಕು, ಹೊಸದು ಹೊಲಿಸಲು ಕೈಯಲ್ಲಿ ದುಡ್ಡಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಬೇಡ. ಈ ಎರಡನ್ನು ಬೆರೆಸಿದರೆ ಬರುವುದು ಕಲೆ ತೆಗೆಯುವ ನೊರೆಯಲ್ಲ, ಕ್ಲೋರಿನ್ ಅನಿಲ. ಅದು ಸೀಟಿಗಿಂತ ಮೊದಲು ಶ್ವಾಸಕೋಶವನ್ನು ಸುಡುತ್ತದೆ. ಹಾಗಾದರೆ ಕಲೆ ಹೋಗುವುದು ಹೇಗೆ, ಮತ್ತೆ ಮತ್ತೆ ಯಾಕೆ ಬರುತ್ತದೆ ಎಂಬುದನ್ನು ಮುಂದೆ ನೋಡೋಣ. ನಿಮ್ಮಲ್ಲಿ ಬೋಟ್ ಇಲ್ಲದಿರಬಹುದು. ಆದರೆ ಸ್ಕೂಟರ್ ಸೀಟು, ಆಟೋದ ಹಿಂದಿನ ಸೀಟು, ಜಿಮ್ಮಿನ ಬೆಂಚು ಎಲ್ಲವೂ ಹೆಚ್ಚು ಕಡಿಮೆ ಅದೇ ವಸ್ತು. ಬೋಟಿನಲ್ಲಿ ಬಿಸಿಲು, ಉಪ್ಪು, ತೇವ ಮೂರೂ ಒಟ್ಟಿಗೆ ದಾಳಿ ಮಾಡುವುದರಿಂದ ತೊಂದರೆ ಬೇಗ ಕಾಣುತ್ತದೆ, ಅಷ್ಟೇ.

ನಾವು ರೆಕ್ಸಿನ್ ಎನ್ನುವುದು ಏನನ್ನು?

ರೆಕ್ಸಿನ್ ಎಂಬುದು ಮೂಲದಲ್ಲಿ ಒಂದು ಬ್ರಿಟಿಷ್ ಕಂಪನಿಯ ಬ್ರ್ಯಾಂಡ್ ಹೆಸರು. ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬಲ್ಲಿ ತಯಾರಾಗುತ್ತಿದ್ದ ಆ ಹಳೆಯ ರೆಕ್ಸಿನ್, ಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿದ ಕೃತಕ ಚರ್ಮ. ವಸ್ತು ಬದಲಾಯಿತು, ಹೆಸರು ನಮ್ಮಲ್ಲಿ ಉಳಿದುಕೊಂಡಿತು. ಇಂದು ಬೋಟಿನ ಸೀಟಿಗೆ ಹೊಲಿಯುವ ರೆಕ್ಸಿನ್ ಸಾಮಾನ್ಯವಾಗಿ ವಿನೈಲ್, ಅಂದರೆ ಪಿವಿಸಿ.

ಪಿವಿಸಿ ಎಂದ ಕೂಡಲೇ ನೀರಿನ ಪೈಪ್ ನೆನಪಾದರೆ ಅದು ಸರಿಯೇ. ಎರಡೂ ಮೂಲತಃ ಒಂದೇ ಪ್ಲಾಸ್ಟಿಕ್. ಪೈಪ್ ಗಟ್ಟಿ, ಸೀಟು ಮೆತ್ತಗೆ ಇರುವುದಕ್ಕೆ ಕಾರಣ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕಲು ಹೊರಟು ಪಿವಿಸಿಯನ್ನು ಮೆತ್ತಗಾಗಿಸುವ ದಾರಿ ಕಂಡುಕೊಂಡರು. ಮೆತ್ತನೆಯ ವಿನೈಲ್‌ನಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗದವರೆಗೂ ಈ ಪ್ಲಾಸ್ಟಿಸೈಸರೇ ಇರಬಹುದು.

ಸೀಟಿನ ಆಯುಷ್ಯದ ಗುಟ್ಟು ಇರುವುದು ಇಲ್ಲೇ. ಈ ದ್ರವ ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ, ಅದರ ನಡುವೆ ಸುಮ್ಮನೆ ಸೇರಿಕೊಂಡಿರುತ್ತದೆ. ಹಾಗಾಗಿ ಬಿಸಿಲಿನ ಕಾವಿಗೆ ನಿಧಾನವಾಗಿ ಹೊರಬರುತ್ತದೆ. ಪೆಟ್ರೋಲ್, ಥಿನ್ನರ್, ಎಣ್ಣೆ ತಾಗಿದರೆ ಅವುಗಳಲ್ಲಿ ಕರಗಿ ಬರುತ್ತದೆ. ಅದು ಹೋದಷ್ಟೂ ಸೀಟು ಪೈಪಿನ ಸ್ವಭಾವಕ್ಕೆ ಮರಳುತ್ತದೆ: ಬಿರುಸಾಗುತ್ತದೆ, ಕುಗ್ಗುತ್ತದೆ, ಕೊನೆಗೆ ಹೊಲಿಗೆಯ ಪಕ್ಕದಲ್ಲಿ ಬಿರಿಯುತ್ತದೆ. ಸೀಟಿಗೆ ಏನನ್ನಾದರೂ ಹಚ್ಚುವ ಮುನ್ನ ಕೇಳಿಕೊಳ್ಳಬೇಕಾದದ್ದು "ಕಲೆ ಹೋಗುತ್ತದೆಯೇ" ಎಂದಷ್ಟೇ ಅಲ್ಲ, "ಒಳಗಿನ ಮೆದುಗುಣ ಉಳಿಯುತ್ತದೆಯೇ" ಎಂದು ಕೂಡ.

ಕಪ್ಪು ಚುಕ್ಕೆ ಎಲ್ಲಿಂದ ಬರುತ್ತದೆ?

ಆ ಚುಕ್ಕೆಗಳು ಬೂಷ್ಟು, ಅಂದರೆ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅವಕ್ಕೆ ಬೇಕಾದದ್ದು ತೇವ ಮತ್ತು ಒಂದಿಷ್ಟು ಆಹಾರ. ಪ್ಲಾಸ್ಟಿಕ್ ಮೇಲೆ ಆಹಾರ ಎಲ್ಲಿಂದ ಬಂತು? ಸೀಟಿನ ಮೇಲೆ ಉಳಿಯುವ ಬೆವರು, ಮೈ ಜಿಡ್ಡು, ಸನ್‌ಸ್ಕ್ರೀನ್, ಚುರುಮುರಿಯ ಎಣ್ಣೆ, ಧೂಳು ಎಲ್ಲವೂ ಅದಕ್ಕೆ ಊಟ. ಅಷ್ಟೇ ಅಲ್ಲ, ಕೆಲವು ಶಿಲೀಂಧ್ರಗಳು ಪ್ಲಾಸ್ಟಿಸೈಸರನ್ನೇ ತಿನ್ನಬಲ್ಲವು. ಆರಿಯೊಬೇಸಿಡಿಯಂ ಪುಲ್ಯುಲನ್ಸ್ ಎಂಬ ಕಪ್ಪು ಬಣ್ಣದ ಶಿಲೀಂಧ್ರ, ಹೊರಗಿಟ್ಟ ಮೆತ್ತನೆಯ ಪಿವಿಸಿಯ ಮೇಲೆ ಮೊದಲು ನೆಲೆಯೂರುವವುಗಳಲ್ಲಿ ಒಂದೆಂದು ಸಂಶೋಧಕರು ಗುರುತಿಸಿದ್ದಾರೆ.

ಕರಾವಳಿಯಲ್ಲಿ ಇದಕ್ಕೆ ಉಪ್ಪು ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೊಡೆಯುವುದನ್ನು ನೀವು ನೋಡಿರುತ್ತೀರಿ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಇನ್ನೂ ಕಡಿಮೆ ತೇವಾಂಶದಲ್ಲೇ ನೀರು ಹಿಡಿಯುತ್ತದೆ. ಸೀಟಿನ ಮೇಲೆ ಒಣಗಿ ಕೂತ ಉಪ್ಪಿನ ಪದರವೂ ಹೀಗೇ ವರ್ತಿಸುತ್ತದೆ. "ನಮ್ಮ ಸೀಟು ಎಷ್ಟು ಒರೆಸಿದರೂ ಒಣಗುವುದೇ ಇಲ್ಲ" ಎನ್ನುವ ಬೋಟಿನವರು ಸುಳ್ಳು ಹೇಳುತ್ತಿಲ್ಲ. ಅವರು ಒರೆಸಿದ್ದಾರೆ, ತೊಳೆದಿಲ್ಲ.

ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಕ್ಲೀನರ್ ಸೇರಿದರೆ

ಬ್ಲೀಚಿಂಗ್ ಪೌಡರ್‌ನಲ್ಲಿ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ದ್ರವ ರೂಪದ ಬ್ಲೀಚ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್. ಬಾವಿಗೆ ಹಾಕುವ, ಮಳೆಗಾಲದಲ್ಲಿ ಅಂಗಳದ ಹಾವಸೆಗೆ ಚೆಲ್ಲುವ ಇದೇ ಪುಡಿ ಸರಿಯಾದ ಪ್ರಮಾಣದಲ್ಲಿ ಬಳಸಿದರೆ ಉಪಕಾರಿಯೇ. ಹಲವು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಮತ್ತು ಅಂಗಡಿಯಲ್ಲಿ ಸುಮ್ಮನೆ "ಆ್ಯಸಿಡ್" ಎಂದು ಕೇಳಿ ತರುವ ಬಾಟಲಿಯಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಹೈಪೋಕ್ಲೋರೈಟ್‌ಗೆ ಆಮ್ಲ ಸೇರಿದ ಕ್ಷಣದಲ್ಲೇ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಸಂದೇಶದಲ್ಲಿ "ನೊರೆ ಬಂದ ಮೇಲೆ" ಎಂದಿರುವುದು ಇದನ್ನೇ. ನೊರೆಯೊಳಗಿನ ಗುಳ್ಳೆಗಳೇ ಆ ಅನಿಲ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ದೊಡ್ಡ ಪ್ರಮಾಣದಲ್ಲಿ ಹರಿಯಬಿಟ್ಟ ವಿಷಾನಿಲ ಇದೇ ಕ್ಲೋರಿನ್. ಕಂದಕಗಳಲ್ಲಿದ್ದ ಸೈನಿಕರಿಗೆ ಅದು ಅಷ್ಟು ಮಾರಕವಾದದ್ದಕ್ಕೆ ಒಂದು ಕಾರಣ ಅದರ ತೂಕ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಬೋಟಿನ ಬಕೆಟ್ಟಿನಲ್ಲಿ ಹುಟ್ಟುವ ಅನಿಲದ ಪ್ರಮಾಣ ಅದಕ್ಕೆ ಹೋಲಿಕೆಯಲ್ಲ, ನಿಜ. ಆದರೆ ಬೋಟಿನ ಆಕಾರವನ್ನು ಒಮ್ಮೆ ಯೋಚಿಸಿ. ಸುತ್ತಲೂ ಎತ್ತರದ ಬದಿ, ನಡುವೆ ತಗ್ಗು, ಆ ತಗ್ಗಿನಲ್ಲಿ ಮಂಡಿಯೂರಿ ಸೀಟು ಉಜ್ಜುವ ಮನುಷ್ಯ. ಮೇಲೆ ಟಾರ್ಪಾಲು ಅರ್ಧ ಮುಚ್ಚಿದ್ದರಂತೂ ಅನಿಲಕ್ಕೆ ಹೋಗಲು ದಾರಿಯೇ ಇಲ್ಲ. "ಬೋಟ್ ಇರುವುದು ಬಯಲಿನಲ್ಲಿ, ಗಾಳಿ ಚೆನ್ನಾಗಿದೆ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಡಿಮೆ ಪ್ರಮಾಣದಲ್ಲಿ ಕಣ್ಣುರಿ, ಗಂಟಲು ಕೆರೆತ, ಕೆಮ್ಮು. ಹೆಚ್ಚಾದರೆ ಉಸಿರು ಕಟ್ಟುತ್ತದೆ. ಆಗ ಸುಧಾರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಇರುತ್ತದೆ. ಅಸ್ತಮಾ ಇರುವವರಿಗೆ ಅಲ್ಪವೂ ಅಧಿಕ.

ಯಾರಾದರೂ ಈಗಾಗಲೇ ಬೆರೆಸಿಬಿಟ್ಟಿದ್ದರೆ? ಬಕೆಟ್ ಎತ್ತಿ ಚೆಲ್ಲಲು ಹೋಗಬೇಡಿ, ಅದಕ್ಕೆ ಸೋಡಾ ಪುಡಿಯನ್ನೋ ಇನ್ನೊಂದನ್ನೋ ಸುರಿಯಬೇಡಿ. ಎಲ್ಲ ಬಿಟ್ಟು ಬೋಟಿನಿಂದ ಹೊರಬಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ. ಕಣ್ಣು ಉರಿಯುತ್ತಿದ್ದರೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷವಾದರೂ ತೊಳೆಯಿರಿ. ಮಿಶ್ರಣ ಸಿಡಿದ ಬಟ್ಟೆ ಕಳಚಿ. ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದಂತಾದರೆ 108ಕ್ಕೆ ಕರೆ ಮಾಡಿ, ಏನು ಬೆರೆಸಿದ್ದೆಂದು ವೈದ್ಯರಿಗೆ ಸರಿಯಾಗಿ ಹೇಳಿ.

ಇದೇ ಕಾರಣಕ್ಕೆ ಬ್ಲೀಚ್ ಜೊತೆ ವಿನೆಗರ್ ಅಥವಾ ನಿಂಬೆರಸ ಸೇರಿಸುವುದೂ ತಪ್ಪು, ಅವೂ ಆಮ್ಲಗಳೇ. ಗಾಜು ಒರೆಸುವ ಕೆಲವು ದ್ರಾವಣಗಳಲ್ಲಿ ಅಮೋನಿಯ ಇರುತ್ತದೆ. ಬ್ಲೀಚ್ ಜೊತೆ ಅದು ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಕಾರಿ ಅನಿಲ ಬರುತ್ತದೆ. ಮೊದಲು ಒಂದನ್ನು ಹಚ್ಚಿ, ಹೋಗಲಿಲ್ಲವೆಂದು ತೊಳೆಯದೆ ಅದರ ಮೇಲೆ ಇನ್ನೊಂದನ್ನು ಹಚ್ಚಿದರೂ ಬೆರೆಸಿದಂತೆಯೇ. ಈ ರೀತಿಯ ತಪ್ಪು ಬೇಕೆಂದು ಮಾಡುವುದಕ್ಕಿಂತ ಗೊತ್ತಿಲ್ಲದೆ ಆಗುವುದೇ ಹೆಚ್ಚು.

ಏನನ್ನೂ ಬೆರೆಸದೆ, ಬರೀ ಬ್ಲೀಚ್ ಹಚ್ಚಿದರೆ? ತೀರಾ ತೆಳುವಾಗಿ ನೀರು ಬೆರೆಸಿದ ಬ್ಲೀಚ್ ಬಳಸಿ, ಕೂಡಲೇ ತೊಳೆಯಲು ಕೆಲವು ವಿನೈಲ್ ತಯಾರಕರು ಒಪ್ಪುತ್ತಾರೆ. ಆದರೆ ಪದೇ ಪದೇ ಬಳಸಿದರೆ ಮೇಲಿನ ರಕ್ಷಣಾ ಪದರ ಸವೆಯುತ್ತದೆ, ಹತ್ತಿ ಅಥವಾ ನೈಲಾನ್ ದಾರದ ಹೊಲಿಗೆ ಸಡಿಲವಾಗುತ್ತದೆ. ಇನ್ನೊಂದು ವಿಷಯ: ಬ್ಲೀಚ್ ಕಲೆಯ ಬಣ್ಣವನ್ನು ಬೇಗ ತೆಗೆಯುತ್ತದೆ, ಹಾಗಾಗಿ ಬೂಷ್ಟು ಹೋಯಿತೆಂದು ನಮಗನಿಸುತ್ತದೆ. ಹೊಲಿಗೆಯ ತೂತಿನಿಂದ ಒಳಗಿನ ಫೋಮಿಗೆ ಇಳಿದ ಬೂಷ್ಟು ಹಾಗೇ ಇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಬೂಷ್ಟು ತೆಗೆಯಲು ಬ್ಲೀಚನ್ನು ರೂಢಿಯಾಗಿ ಬಳಸಲು ಶಿಫಾರಸು ಮಾಡುವುದಿಲ್ಲ. ಸತ್ತ ಬೂಷ್ಟು ಕೂಡ ಅಲರ್ಜಿ ತರಬಲ್ಲದು, ಹಾಗಾಗಿ ಕೊಲ್ಲುವುದಕ್ಕಿಂತ ಒರೆಸಿ ತೆಗೆಯುವುದು ಮುಖ್ಯ ಎನ್ನುತ್ತದೆ ಅದು.

ಜೊತೆಗೆ ಹರಿದಾಡುವ ಉಳಿದ ಸಲಹೆಗಳು

ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ: ವಿಡಿಯೊದಲ್ಲಿ ನೋಡಲು ಬಹಳ ಚೆಂದ. ಬುಸ್ಸೆಂದು ನೊರೆ ಏಳುತ್ತದೆ. ಆದರೆ ಆ ಹೊತ್ತಿಗೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ಮುಗಿಸಿಕೊಂಡು ಇಂಗಾಲದ ಡೈಆಕ್ಸೈಡ್, ನೀರು, ಒಂದು ಸಾಧಾರಣ ಲವಣ ಉಳಿದಿರುತ್ತದೆ. ಅಪಾಯವಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೇ.

ಟೂತ್‌ಪೇಸ್ಟ್: ಇದನ್ನು ನಮ್ಮಲ್ಲೊಬ್ಬರು ತಮ್ಮ ಹಳೆಯ ಸ್ಕೂಟರ್ ಸೀಟಿನ ಮೂಲೆಯಲ್ಲಿ ಪ್ರಯತ್ನಿಸಿದರು. ಕಲೆ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಪೇಸ್ಟಿನಲ್ಲಿ ಹಲ್ಲಿನ ಕೊಳೆ ಕೆರೆಯಲೆಂದು ಹಾಕಿರುವ ಸಣ್ಣ ಕಣಗಳಿರುತ್ತವೆ. ಅವು ವಿನೈಲಿನ ಮೇಲ್ಪದರವನ್ನೂ ಕೆರೆಯುತ್ತವೆ. ಕೆರೆದ ಜಾಗದಲ್ಲಿ ಮುಂದಿನ ಕೊಳೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮ್ಯಾಜಿಕ್ ಸ್ಪಂಜು ಎಂದು ಮಾರುವ ಬಿಳಿ ಸ್ಪಂಜೂ ನುಣುಪಾದ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ. ಎಲ್ಲೋ ಒಂದು ಗೆರೆ ಅಳಿಸಲು ಸರಿ, ಇಡೀ ಸೀಟಿಗೆ ಬೇಡ.

ತೆಂಗಿನೆಣ್ಣೆ: ಕರಾವಳಿಯಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಮದ್ದು, ಹಾಗಾಗಿ ಈ ಸಲಹೆಗೆ ಗಿರಾಕಿ ಜಾಸ್ತಿ. ಹಚ್ಚಿದ ದಿನ ಸೀಟು ಫಳಫಳ ಹೊಳೆಯುವುದು ನಿಜ. ಆಮೇಲೆ ಅದೇ ಎಣ್ಣೆ ಧೂಳು ಹಿಡಿಯುತ್ತದೆ, ಬೂಷ್ಟಿಗೆ ಊಟವಾಗುತ್ತದೆ, ಒಳಗಿನ ಪ್ಲಾಸ್ಟಿಸೈಸರನ್ನೂ ಸೆಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾರುತ್ತದೆ. ಬೋಟ್ ಹತ್ತುವಾಗ ಜನ ಸೀಟಿನ ಮೇಲೆ ಕೈಯೂರುತ್ತಾರೆ, ಮಕ್ಕಳು ಕಾಲೇ ಇಡುತ್ತಾರೆ. ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಪಾಲಿಶ್‌ಗೂ ಇದೇ ಮಾತು. ಅಲೆಗೆ ಬೋಟ್ ವಾಲಿದಾಗ ಜಾರುವ ಸೀಟಿಗಿಂತ ಮಂಕಾದ ಸೀಟು ಸಾವಿರ ಪಾಲು ಮೇಲು.

ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್: ಟಾರಿನ ಕಲೆಗೆ, ಪೇಂಟಿಗೆ ಇದನ್ನು ಬಳಸುವವರಿದ್ದಾರೆ. ಇವು ಪ್ಲಾಸ್ಟಿಸೈಸರನ್ನು ಎಳೆದು ತೆಗೆಯುತ್ತವೆ, ಥಿನ್ನರ್ ಅಂತೂ ಮೇಲ್ಪದರವನ್ನೇ ಮೆತ್ತಗೆ ಮಾಡಿ ಅಂಟಾಗಿಸುತ್ತದೆ. ಪೆಟ್ರೋಲಿನ ಆವಿಯೂ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡುವಾಗಿನ ಒಂದು ಕಿಡಿ ಸಾಕು.

ವಾಟರ್ ಸರ್ವಿಸ್ ಗನ್: ಬೋಟಿನ ಹೊರಮೈಗೆ ಹೊಡೆಯಿರಿ, ಸೀಟಿಗೆ ಬೇಡ. ಆ ರಭಸಕ್ಕೆ ನೀರು ಹೊಲಿಗೆಯ ತೂತುಗಳಿಂದ ಒಳಗೆ ನುಗ್ಗುತ್ತದೆ. ಒಳಗಿನ ಫೋಮ್ ಸ್ಪಂಜಿನ ಹಾಗೆ ಕುಡಿದು ಕೂರುತ್ತದೆ, ಅಡಿಯ ಪ್ಲೈವುಡ್ ಕೊಳೆಯುತ್ತದೆ.

ಹಾಗಾದರೆ ತೊಳೆಯುವುದು ಹೇಗೆ?

ಇದು ಬೇಸರ ತರಿಸುವಷ್ಟು ಸರಳ. ಬಹುಶಃ ಅದಕ್ಕೇ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬೂಷ್ಟು ಇರುವ ಸೀಟನ್ನು ಒಣಗಿದ್ದಾಗ ಬ್ರಶ್ಶಿನಿಂದ ಉಜ್ಜಬೇಡಿ, ಬೀಜಕಣಗಳು ಹಾರಿ ಮೂಗಿಗೆ ಬರುತ್ತವೆ. ಮಾಸ್ಕ್, ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಕುಶನ್ ಬಿಚ್ಚಲು ಬಂದರೆ ಬಿಚ್ಚಿ ದಡಕ್ಕೆ ತನ್ನಿ. ತೊಳೆದ ನೀರು ಮೀನು, ಮರುವಾಯಿ ಬೆಳೆಯುವ ಹೊಳೆಗೆ ಸೇರದಿರಲೆಂಬುದೂ ಇದಕ್ಕೊಂದು ಕಾರಣ.

ಅರ್ಧ ಬಕೆಟ್ ಉಗುರುಬೆಚ್ಚಗಿನ ಸಿಹಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ ಸಾಕು. ಮೆತ್ತನೆಯ ಬ್ರಶ್ ಅಥವಾ ಬಟ್ಟೆಯಲ್ಲಿ ಒಂದೊಂದೇ ಭಾಗವನ್ನು ಉಜ್ಜಿ. ವಿನೈಲಿನ ಮೇಲೆ ಚರ್ಮದಂತೆ ಕಾಣಲು ಒತ್ತಿದ ಸಣ್ಣ ಗೆರೆಗಳಿರುತ್ತವೆ, ಕೊಳೆ ಅಡಗುವುದು ಅಲ್ಲೇ. ಆದ್ದರಿಂದ ಒತ್ತಿ ಉಜ್ಜುವುದಕ್ಕಿಂತ ಸೋಪಿನ ನೀರನ್ನು ಐದು ನಿಮಿಷ ಬಿಟ್ಟು ಉಜ್ಜುವುದು ಒಳ್ಳೆಯದು. ಹೊಲಿಗೆಯ ಸಾಲಿಗೆ ಹಳೆಯ ಟೂತ್‌ಬ್ರಶ್ ಬಳಸಿ, ಪೇಸ್ಟ್ ಇಲ್ಲದೆ. ನಂತರ ಸಿಹಿನೀರಿನಲ್ಲಿ ಸೋಪು ಪೂರ್ತಿ ಹೋಗುವಂತೆ ಒರೆಸಿ ತೆಗೆಯಿರಿ. ಉಳಿದ ಸೋಪು ಮತ್ತೆ ಕೊಳೆ ಹಿಡಿಯುತ್ತದೆ.

ಚುಕ್ಕೆಗಳು ಇನ್ನೂ ಉಳಿದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಆ ಜಾಗಕ್ಕೆ ಮಾತ್ರ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ತೊಳೆಯಿರಿ. ಆ ಸೀಟಿಗೆ ಮೊದಲು ಬ್ಲೀಚ್ ಹಚ್ಚಿದ್ದರೆ ಇದನ್ನು ಮಾಡಬೇಡಿ. ಬಾಲ್‌ಪೆನ್ ಗೆರೆಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಸ್ವಲ್ಪ ತಾಗಿಸಿ ಒರೆಸಬಹುದು. ಯಾವುದನ್ನೇ ಆಗಲಿ ಮೊದಲು ಸೀಟಿನ ಅಡಿಭಾಗದಲ್ಲಿ, ಕಾಣದ ಕಡೆ ಪರೀಕ್ಷಿಸಿ.

ಕೊನೆಯ ಕೆಲಸ ಒಣಗಿಸುವುದು, ಮುಖ್ಯವಾದದ್ದೂ ಅದೇ. ಒಣ ಬಟ್ಟೆಯಿಂದ ಒರೆಸಿ, ಕುಶನ್‌ಗಳನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ದಿನದ ಕೊನೆಯ ಟ್ರಿಪ್ ಮುಗಿದ ಮೇಲೆ ಸಿಹಿನೀರಿನ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸುವ ರೂಢಿಯಿದ್ದರೆ ವರ್ಷದ ದೊಡ್ಡ ತೊಳೆತ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಸನ್‌ಸ್ಕ್ರೀನ್ ಕಲೆಯನ್ನು ಅಂದಂದೇ ಸೋಪಿನಲ್ಲಿ ತೆಗೆದರೆ ಹೋಗುತ್ತದೆ, ಬಿಸಿಲಿಗೆ ಬಿಟ್ಟರೆ ಹಳದಿಯಾಗಿ ಉಳಿಯುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ ಪ್ಲಾಸ್ಟಿಕ್ಕನ್ನೇ ಕೆಡಿಸುತ್ತದೆ. ಪ್ರವಾಸಿಗರು ಅದನ್ನು ಬೋಟ್ ಹತ್ತುವ ಮೊದಲೇ ಹಚ್ಚಿಕೊಂಡು ಕೈ ಒರೆಸಿಕೊಳ್ಳಲಿ.

ತೊಳೆದರೂ ಹೋಗದ ಕಲೆ

ಕೆಲವು ಬಿಳಿ ಸೀಟುಗಳ ಮೇಲೆ ಗುಲಾಬಿ ಬಣ್ಣದ ಮಬ್ಬಾದ ಮಚ್ಚೆ ಕಾಣುತ್ತದೆ. ಯಾರೋ ಕುಂಕುಮವೋ ಶರಬತ್ತೋ ಚೆಲ್ಲಿದರೆಂದು ಉಜ್ಜಿ ಉಜ್ಜಿ ಸೋತವರಿದ್ದಾರೆ. ಸೀಟಿನ ಒಳಗೆ, ಒದ್ದೆ ಫೋಮಿನಲ್ಲಿ ಅಥವಾ ವಿನೈಲಿನ ಹಿಂಬದಿಯ ಬಟ್ಟೆಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಬಿಡುವ ಬಣ್ಣ ಅದು. ಪ್ಲಾಸ್ಟಿಸೈಸರಿನಲ್ಲಿ ಕರಗಿ ಒಳಗಿನಿಂದ ಹೊರಗೆ ಬಂದಿರುತ್ತದೆ. ಮೇಲಿನಿಂದ ಏನು ಹಚ್ಚಿದರೂ ಅದಕ್ಕೆ ತಲುಪುವುದಿಲ್ಲ. ಈ ಮಚ್ಚೆ ಕಂಡರೆ ಕ್ಲೀನರ್‌ಗೆ ದುಡ್ಡು ಹಾಕಬೇಡಿ, ಕುಶನ್ ಬಿಚ್ಚಿ ಫೋಮ್ ನೋಡಿ. ಒತ್ತಿದಾಗ ನೀರು ಬಂದರೆ, ಮುಗ್ಗಲು ವಾಸನೆ ಇದ್ದರೆ ಫೋಮ್ ಬದಲಿಸುವುದೇ ದಾರಿ.

ಬಿರಿದ ವಿನೈಲಿಗೂ ಹಾಗೆಯೇ, ಹೋದ ಮೆದುಗುಣವನ್ನು ಯಾವ ಕ್ರೀಮೂ ವಾಪಸ್ ತರುವುದಿಲ್ಲ. ಅದು ಬಿರಿಯದಂತೆ ನೋಡಿಕೊಳ್ಳುವುದೆಂದರೆ ಬಿಸಿಲಿನಿಂದ ಕಾಪಾಡುವುದು. ಬೋಟ್ ನಿಂತಿರುವಾಗ ಸೀಟಿಗೆ ಹೊದಿಕೆ ಇರಲಿ. ಆದರೆ ಮಳೆಗಾಲದಲ್ಲಿ ನೀಲಿ ಟಾರ್ಪಾಲನ್ನು ಸೀಟಿಗೆ ತಾಗುವಂತೆ ಬಿಗಿದು ನಾಲ್ಕು ತಿಂಗಳು ಬಿಟ್ಟರೆ ಒಳಗೆ ಹಬೆ ಕಟ್ಟಿ, ನಾವೇ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಕುಶನ್‌ಗಳನ್ನು ಬಿಚ್ಚಿ ಮನೆಯ ಅಟ್ಟದಲ್ಲಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಟಾರ್ಪಾಲಿನ ಕೆಳಗೆ ಬಿದಿರಿನ ಗಳು ಕೊಟ್ಟು ಎತ್ತರಿಸಿ, ಎರಡೂ ತುದಿಯಲ್ಲಿ ಗಾಳಿಗೆ ದಾರಿ ಬಿಡಿ, ಮಳೆ ಬಿಡುವು ಕೊಟ್ಟ ದಿನ ತೆರೆದಿಡಿ.

ನಮಗೆ ಸಂದೇಶ ಕಳಿಸಿದ ಓದುಗರ ಸೀಟುಗಳ ಫೋಟೊದಲ್ಲಿ ಕಪ್ಪು ಚುಕ್ಕೆಗಳಿದ್ದವು, ಗುಲಾಬಿ ಮಚ್ಚೆ ಇರಲಿಲ್ಲ, ವಿನೈಲ್ ಬಿರಿದಿರಲಿಲ್ಲ. ಅಂದರೆ ಸೋಪು, ನೀರು ಮತ್ತು ಒಂದು ಭಾನುವಾರದ ಕೆಲಸ. ಮುಂದೆಂದಾದರೂ ಹೊಸದು ಹೊಲಿಸುವಾಗ ಕುಶನ್ ವರ್ಕ್ಸ್ ಅಂಗಡಿಯಲ್ಲಿ ಮೂರು ವಿಷಯ ಕೇಳಿ: ಬಿಸಿಲು ಮತ್ತು ಬೂಷ್ಟು ತಡೆಯುವ ಮರೈನ್ ವಿನೈಲ್ ಸಿಗುತ್ತದೆಯೇ, ಹೊಲಿಗೆಗೆ ಪಾಲಿಯೆಸ್ಟರ್ ದಾರ ಹಾಕುತ್ತಾರೆಯೇ, ಅಡಿಯ ಹಲಗೆಗೆ ನೀರಿಳಿಯಲು ತೂತು ಕೊರೆಯುತ್ತಾರೆಯೇ. ಮೂರನೆಯದಕ್ಕೆ ಖರ್ಚೇ ಇಲ್ಲ. ಅಂಗಡಿಯವರು ಮರೆತಿದ್ದರೆ ಮನೆಯಲ್ಲೇ ಡ್ರಿಲ್ ಹಿಡಿದು ಕೊರೆಯಬಹುದು.